ಕ್ರಯವೋ, ಬಾಳುವ ಬೆಲೆಯೋ: ಲೆಕ್ಕಪುಸ್ತಕದ ಒಂದು ಹಳೆಯ ವಾದ

ಒಂದು ಮನೆಯ ಹಣವನ್ನು ಕನ್ನಡಿಗರು ಎರಡು ಬಗೆಯಲ್ಲಿ ಹೇಳುತ್ತಾರೆ. ಕ್ರಯಪತ್ರದಲ್ಲಿ ಬರೆದ ಮೊತ್ತ ಒಂದು. ಇಂದು ಮಾರಿದರೆ ಅದು 'ಬಾಳುವ' ಬೆಲೆ ಇನ್ನೊಂದು. ಮೊದಲನೆಯದು ನಡೆದುಹೋದ ಸಂಗತಿ. ಅದಕ್ಕೆ ಸಾಕ್ಷಿಗಳ ರುಜುವಿದೆ. ಎರಡನೆಯದು ಇನ್ನೂ ನಡೆಯದ ಮಾರಾಟವೊಂದರ ಅಂದಾಜು. ಲೆಕ್ಕಶಾಸ್ತ್ರವು ಮೊದಲನೆಯದನ್ನು ಐತಿಹಾಸಿಕ ವೆಚ್ಚವೆಂದೂ ಎರಡನೆಯದನ್ನು ನ್ಯಾಯಯುತ ಮೌಲ್ಯವೆಂದೂ ಕರೆಯುತ್ತದೆ. ಸಂಸ್ಥೆಯೊಂದರ ಆಸ್ತಿ ಮತ್ತು ಹೊಣೆಗಳನ್ನು ತೋರಿಸುವ ಅಢಾವೆ ಪತ್ರಿಕೆಯಲ್ಲಿ ಇವೆರಡರಲ್ಲಿ ಯಾವುದನ್ನು ಬರೆಯಬೇಕು? ಲೆಕ್ಕಿಗರ ಒಳಜಗಳದಂತೆ ಕಾಣುವ ಈ ಪ್ರಶ್ನೆಗೆ ಮೂರು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ, ಇದು ಬೆಲೆಯ ಪ್ರಶ್ನೆಗಿಂತ ಹೆಚ್ಚಾಗಿ ಹಂಚಿಕೆಯ ಪ್ರಶ್ನೆಯೆಂಬುದು ತಿಳಿಯುತ್ತದೆ.

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, ಮಂತ್ರಿ ಕೋಲ್ಬೇರನ ಮುಂದಾಳುತನದಲ್ಲಿ, 1673ರಲ್ಲಿ ಒಂದು ವಾಣಿಜ್ಯ ಶಾಸನ ಹೊರಟಿತು. ವರ್ತಕರು ಎರಡು ವರ್ಷಕ್ಕೊಮ್ಮೆ ತಮ್ಮ ಆಸ್ತಿ ಮತ್ತು ಸಾಲಗಳ ಪಟ್ಟಿ ಮಾಡತಕ್ಕದ್ದೆಂದು ಅದು ವಿಧಿಸಿತು. ವಂಚನೆಯಿಂದ ದಿವಾಳಿ ಎದ್ದವನಿಗೆ ಮರಣದಂಡನೆ. ಈ ಶಾಸನದ ರಚನೆಯಲ್ಲಿ ಪಾಲುಗೊಂಡ ಝಾಕ್ ಸವಾರಿ ಎಂಬ ವರ್ತಕ 1675ರಲ್ಲಿ 'ಪರಿಪೂರ್ಣ ವರ್ತಕ' ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದ. ಸರಕನ್ನು ಅದು ಬಾಳುವುದಕ್ಕಿಂತ ಹೆಚ್ಚಿಗೆ ಬರೆಯಬಾರದು, ಹಳತಾಗಿಯೋ ಪೇಟೆ ಇಳಿದೋ ಅದರ ಬೆಲೆ ಕುಗ್ಗಿದ್ದರೆ ಪಟ್ಟಿಯಲ್ಲೂ ಇಳಿಸಬೇಕು ಎಂಬುದು ಅವನ ಉಪದೇಶ. ನಷ್ಟವನ್ನು ಮುಂಚಿತವಾಗಿ ಒಪ್ಪಿಕೊಳ್ಳುವುದು, ಕೈಗೆ ಬಾರದ ಲಾಭವನ್ನು ಬರೆಯದಿರುವುದು ಎಂಬ ಎಚ್ಚರಿಕೆಯ ಪರಂಪರೆಗೆ ಇದನ್ನು ಒಂದು ಮೂಲವೆಂದು ಚರಿತ್ರಕಾರರು ಗುರುತಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಜರ್ಮನಿ ಬೇರೆ ದಾರಿ ಹಿಡಿಯಿತು. 1861ರ ಅಲ್ಲಿನ ವಾಣಿಜ್ಯ ಸಂಹಿತೆಯು ಆಸ್ತಿಯನ್ನು ಪಟ್ಟಿ ಮಾಡುವ ದಿನದ ಮೌಲ್ಯದಲ್ಲಿ ತೋರಿಸಬೇಕೆಂದಿತು. 1870ರಲ್ಲಿ ಸರ್ಕಾರದ ಅನುಮತಿಯಿಲ್ಲದೆ ಷೇರು ಕಂಪನಿ ಸ್ಥಾಪಿಸಲು ಅವಕಾಶ ದೊರೆತಾಗ ಕಂಪನಿಗಳು ನಾಯಿಕೊಡೆಗಳಂತೆ ಎದ್ದವು. ಏರುವ ಪೇಟೆಯಲ್ಲಿ ಆಸ್ತಿಯ ಮೌಲ್ಯವನ್ನು ಏರಿಸಿ ಬರೆದರೆ ಕಾಗದದ ಮೇಲೆ ಲಾಭ ಹುಟ್ಟುತ್ತದೆ. ಆ ಲಾಭದಿಂದ ಷೇರುದಾರರಿಗೆ ಲಾಭಾಂಶ ಹಂಚಬಹುದು. ಆಸ್ತಿ ಮಾರಾಟವಾಗಿರುವುದಿಲ್ಲ, ಹಂಚಿದ್ದು ಮಾತ್ರ ನಗದು. 1873ರಲ್ಲಿ ಪೇಟೆ ಕುಸಿದಾಗ ಹಲವು ಕಂಪನಿಗಳು ನೆಲಕಚ್ಚಿದವು. ಪಾಠ ಕಲಿತ ಜರ್ಮನಿ 1884ರ ಷೇರು ಕಂಪನಿ ಕಾಯಿದೆಯಲ್ಲಿ ಕೊಂಡ ಬೆಲೆಯನ್ನೇ ಮೇಲ್ಮಿತಿಯಾಗಿ ನಿಲ್ಲಿಸಿತು.

ಇದೇ ನಾಟಕ ಐವತ್ತು ವರ್ಷಗಳ ಅನಂತರ ಅಮೆರಿಕದಲ್ಲಿ ನಡೆಯಿತು. 1920ರ ದಶಕದಲ್ಲಿ ಅಲ್ಲಿನ ವಿದ್ಯುತ್ ಮತ್ತು ಅನಿಲ ಕಂಪನಿಗಳನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಒಡೆತನದ ಕಂಪನಿಗಳು ಆಸ್ತಿಯ ಮೌಲ್ಯವನ್ನು ಮನಬಂದಂತೆ ಏರಿಸಿ ಬರೆದವು. 1928ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಈ ವ್ಯವಹಾರದ ತನಿಖೆಗೆ ತೊಡಗಿತು. ಅದರ ಮುಖ್ಯ ವಕೀಲ ರಾಬರ್ಟ್ ಹೀಲಿ. 1934ರಲ್ಲಿ ಷೇರು ವ್ಯವಹಾರದ ನಿಯಂತ್ರಣಕ್ಕೆ ಎಸ್‌ಇಸಿ ಆಯೋಗ ಸ್ಥಾಪನೆಯಾದಾಗ ಆತ ಅದರ ಮೊದಲ ಸದಸ್ಯರಲ್ಲಿ ಒಬ್ಬನಾದ. ಏರಿಸಿ ಬರೆಯುವ ಪದ್ಧತಿಯ ಅನಾಹುತವನ್ನು ಕಣ್ಣಾರೆ ಕಂಡವನು ಅವನು. ಮುಂದೆ ಮೂರು ದಶಕಗಳಿಗೂ ಹೆಚ್ಚು ಕಾಲ ಆಯೋಗವು ಐತಿಹಾಸಿಕ ವೆಚ್ಚಕ್ಕೇ ಅಂಟಿಕೊಂಡಿತು.

ಹಾಗಾದರೆ ಕ್ರಯವೇ ಸತ್ಯ, ಬಾಳುವ ಬೆಲೆ ಮಿಥ್ಯೆ ಎನ್ನೋಣವೇ? ಚರಿತ್ರೆ ಅಷ್ಟು ಸರಳವಾಗಿಲ್ಲ. ಜನರ ಠೇವಣಿ ಪಡೆದು ಮನೆಸಾಲ ಕೊಡುತ್ತಿದ್ದ ಅಮೆರಿಕದ ಉಳಿತಾಯ ಮತ್ತು ಸಾಲ ಸಂಸ್ಥೆಗಳು ಕಡಮೆ ಬಡ್ಡಿಗೆ ದೀರ್ಘಾವಧಿಯ ಸಾಲಗಳನ್ನು ನೀಡಿದ್ದವು. 1979ರ ಅನಂತರ ಬಡ್ಡಿಯ ದರ ಎರಡಂಕಿಗೆ ಜಿಗಿಯಿತು. ಪೇಟೆಯಲ್ಲಿ 100 ಡಾಲರಿಗೆ 12 ಡಾಲರ್ ಬಡ್ಡಿ ಸಿಗುವಾಗ, 6 ಡಾಲರ್ ತರುವ ಸಾಲಪತ್ರವನ್ನು 100 ಡಾಲರ್ ಕೊಟ್ಟು ಯಾರು ಕೊಂಡಾರು? ಆದರೆ ಪುಸ್ತಕದಲ್ಲಿ ಅದು 100 ಎಂದೇ ಉಳಿಯಿತು. ಒಳಗೆ ಟೊಳ್ಳಾದ ಸಂಸ್ಥೆಗಳು ಹೊರಗೆ ಗಟ್ಟಿಯಾಗಿ ಕಂಡವು. ಕಾಲಕ್ಕೆ ಸರಿಯಾಗಿ ಅವನ್ನು ಮುಚ್ಚಲಾಗಲಿಲ್ಲ. 1986ರಿಂದ 1995ರವರೆಗೆ ಇಂಥ 1,043 ಸಂಸ್ಥೆಗಳು ವಿಫಲವಾದವು. ತೆರಿಗೆದಾರರ ಮೇಲೆ ಬಿದ್ದ ಹೊರೆ ಸುಮಾರು 12,400 ಕೋಟಿ ಡಾಲರ್. ಹೀಲಿ ಕುಳಿತಿದ್ದ ಆಯೋಗದ ಅಧ್ಯಕ್ಷ ರಿಚರ್ಡ್ ಬ್ರೀಡನ್ 1990ರಲ್ಲಿ ಬ್ಯಾಂಕುಗಳ ಹೂಡಿಕೆಗೆ ಮಾರುಕಟ್ಟೆ ಮೌಲ್ಯವೇ ಬೇಕೆಂದು ವಾದಿಸಿದ. 1993ರಲ್ಲಿ ಅದಕ್ಕೆ ತಕ್ಕ ಲೆಕ್ಕಪತ್ರ ಮಾನದಂಡವೂ ಬಂದಿತು.

ಈ ಹೊಸ ನಂಬಿಕೆಯ ದುರುಪಯೋಗಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಎನ್ರಾನ್ ಕಂಪನಿ 1992ರಲ್ಲಿ ತನ್ನ ಅನಿಲ ಒಪ್ಪಂದಗಳಿಗೆ ಮಾರುಕಟ್ಟೆ ಮೌಲ್ಯದ ಲೆಕ್ಕ ಬಳಸಲು ಆಯೋಗದ ಒಪ್ಪಿಗೆ ಪಡೆಯಿತು. 2000ದಲ್ಲಿ ಅದು ಬ್ಲಾಕ್‌ಬಸ್ಟರ್ ಕಂಪನಿಯೊಡನೆ ಮನೆಮನೆಗೆ ಚಲನಚಿತ್ರ ತಲುಪಿಸುವ 20 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಯೋಜನೆ ಪ್ರಯೋಗದ ಹಂತದಲ್ಲಿರುವಾಗಲೇ 11 ಕೋಟಿ ಡಾಲರಿಗೂ ಹೆಚ್ಚಿನ ಲಾಭ ಪುಸ್ತಕ ಸೇರಿತು. ಮರುವರ್ಷದ ಮಾರ್ಚಿನಲ್ಲಿ ಒಪ್ಪಂದ ಮುರಿಯಿತು. ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿ ಅರ್ಜಿ ಸಲ್ಲಿಸಿತು. ಆ ಒಪ್ಪಂದಕ್ಕೆ ಪೇಟೆಯೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಕಂಪನಿಯ ಊಹೆಯೇ ಮಾರುಕಟ್ಟೆಯ ವೇಷ ತೊಟ್ಟು ನಿಂತಿತ್ತು.

2006ರ ಅಮೆರಿಕದ ಮಾನದಂಡವು ನ್ಯಾಯಯುತ ಮೌಲ್ಯವನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿತು: ಚಾಲ್ತಿಯಲ್ಲಿರುವ ಪೇಟೆಯ ದರ ಮೊದಲನೆಯದು, ಅದೇ ಬಗೆಯ ವಸ್ತುಗಳ ದರದಿಂದ ತೆಗೆದುದು ಎರಡನೆಯದು, ಸಂಸ್ಥೆಯ ಸ್ವಂತ ಊಹೆಯನ್ನು ಆಧರಿಸಿದ್ದು ಮೂರನೆಯದು. 2008ರಲ್ಲಿ ಪೇಟೆ ಹೆಪ್ಪುಗಟ್ಟಿದಾಗ, ಹತಾಶೆಯ ಮಾರಾಟದ ದರವನ್ನು ನಮ್ಮ ಆಸ್ತಿಗೆ ಹಚ್ಚಬೇಡಿರೆಂದು ಬ್ಯಾಂಕುಗಳು ಮೊರೆಯಿಟ್ಟವು. ಆ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಮಂಡಳಿಯೂ ಮುಂದಿನ ಏಪ್ರಿಲಿನಲ್ಲಿ ಅಮೆರಿಕದ ಮಂಡಳಿಯೂ ನಿಯಮವನ್ನು ಸಡಿಲಿಸಿದವು. ಏರುವಾಗ ಮೌಲ್ಯವನ್ನು ಸ್ವಾಗತಿಸಿದವರೇ ಇಳಿಯುವಾಗ ಅದನ್ನು ದೂರಿದರು.

ಭಾರತದ ಕಾನೂನು ಈ ಅನುಭವದಿಂದ ಕಲಿತಂತೆ ತೋರುತ್ತದೆ. ದೊಡ್ಡ ಕಂಪನಿಗಳಿಗೆ 1 ಏಪ್ರಿಲ್ 2016ರಿಂದ ಜಾರಿಗೆ ಬಂದ ಇಂಡ್ ಎಎಸ್ ಮಾನದಂಡಗಳು ನ್ಯಾಯಯುತ ಮೌಲ್ಯಕ್ಕೆ ವಿಶಾಲ ಸ್ಥಾನ ನೀಡಿವೆ. ಆದರೆ ಬಾಡಿಗೆಗೋ ಬೆಲೆಯ ಏರಿಕೆಗೋ ಇಟ್ಟುಕೊಂಡ ನಿವೇಶನ ಮತ್ತು ಕಟ್ಟಡಗಳನ್ನು ವೆಚ್ಚದಲ್ಲೇ ತೋರಿಸಿ, ಬಾಳುವ ಬೆಲೆಯನ್ನು ಟಿಪ್ಪಣಿಯಲ್ಲಿ ಹೇಳತಕ್ಕದ್ದು. ಇದಕ್ಕಿಂತ ಮುಖ್ಯವಾದುದು 2013ರ ಕಂಪನಿ ಕಾಯಿದೆಯ 123ನೆಯ ಕಲಮು. 2017ರ ತಿದ್ದುಪಡಿಯ ಬಳಿಕ ಅದು, ಲಾಭಾಂಶಕ್ಕಾಗಿ ಲಾಭ ಎಣಿಸುವಾಗ ಕೈಸೇರದ ಗಳಿಕೆಯನ್ನೂ ನ್ಯಾಯಯುತ ಮೌಲ್ಯದಿಂದ ಉಂಟಾದ ಏರಿಕೆಯನ್ನೂ ಬಿಟ್ಟು ಎಣಿಸಬೇಕೆನ್ನುತ್ತದೆ. 2024ರ ಏಪ್ರಿಲಿನಿಂದ ಅನ್ವಯವಾದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳೂ ಮೂರನೆಯ ಮೆಟ್ಟಿಲಿನ ಕೈಸೇರದ ಲಾಭದಿಂದ ಬ್ಯಾಂಕುಗಳು ಲಾಭಾಂಶ ಹಂಚುವುದನ್ನು ನಿಷೇಧಿಸಿವೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಪರಿಚಿತವಾದ ವಿವೇಕವೊಂದು ಕಾಣುತ್ತದೆ. ಕ್ರಯವು ಮೂಲಪಾಠದಂತೆ, ಬಾಳುವ ಬೆಲೆ ವ್ಯಾಖ್ಯಾನದಂತೆ. ವ್ಯಾಖ್ಯಾನವಿಲ್ಲದ ಹಳೆಯ ಪಾಠ ಇಂದಿನ ಓದುಗನಿಗೆ ಅರ್ಥವಾಗದು. ಆದರೆ ವ್ಯಾಖ್ಯಾನಕಾರನ ಮಾತು ಮೂಲದೊಳಗೆ ಬೆರೆತರೆ ಪಾಠವೇ ಕೆಡುತ್ತದೆ. 1884ರ ಜರ್ಮನಿ ವ್ಯಾಖ್ಯಾನವನ್ನೇ ನಿಷೇಧಿಸಿತು. ನಮ್ಮ ಕಾಯಿದೆ ವ್ಯಾಖ್ಯಾನಕ್ಕೆ ಪುಟ ಬಿಟ್ಟುಕೊಟ್ಟು, ಅದನ್ನು ನಂಬಿ ಬೊಕ್ಕಸದ ಬಾಗಿಲು ತೆರೆಯಬಾರದೆಂದಿತು. ವಾರ್ಷಿಕ ವರದಿಯೊಂದು ಕೈಗೆ ಬಂದಾಗ ಸಾಮಾನ್ಯ ಷೇರುದಾರನೂ ಠೇವಣಿದಾರನೂ ಕೇಳಬೇಕಾದ ಪ್ರಶ್ನೆಯೂ ಇದೇ: ಇಲ್ಲಿ ತೋರಿಸಿದ ಲಾಭದಲ್ಲಿ ಕೈಸೇರಿದ್ದೆಷ್ಟು, ಊಹಿಸಿದ್ದೆಷ್ಟು, ಆ ಊಹೆ ಯಾರದು?