ಹವಳದ ದಿಬ್ಬದ ಮೇಲೆ ‘ಕಾರ್ನಾಟಿಕ್’

ಕೆಂಪು ಸಮುದ್ರದ ತಳದಲ್ಲಿ ನಮ್ಮ ನಾಡಿನ ಹೆಸರನ್ನು ಹೊತ್ತ ಹಡಗೊಂದು ಮಲಗಿದೆ ಎಂದರೆ ವಾಚಕರು ಹುಬ್ಬೇರಿಸಬಹುದು. ಆ ಹಡಗಿನ ಹೆಸರು ‘ಕಾರ್ನಾಟಿಕ್’. ಹೆಸರು ನಮ್ಮದು, ಅರ್ಥ ಮಾತ್ರ ಇಂಗ್ಲಿಷರದು. ವಿಜಯನಗರದ ಆಳ್ವಿಕೆಯೊಡನೆ ಘಟ್ಟದ ಕೆಳಗಿನ ಆರ್ಕಾಟಿನ ಬಯಲಿಗೂ ಹಬ್ಬಿದ ಈ ಮಾತು ಕುಂಪಣಿಯವರ ಬಾಯಲ್ಲಿ ಆ ಬಯಲಿಗೇ ನಿಂತುಹೋಯಿತು; ಕನ್ನಡ ನಾಡು ಹೊರಗುಳಿಯಿತು. ಅದು ಹೇಗೇ ಇರಲಿ, ನನ್ನನ್ನು ಈ ಕಥೆಯತ್ತ ಎಳೆದದ್ದು ಆ ಹೆಸರೇ.

ಪಿ. ಅಂಡ್ ಓ. ಕಂಪನಿಗಾಗಿ ೧೮೬೨ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಹಡಗು ಅದು. ಕಬ್ಬಿಣದ ಎಲುಬುಗಳಿಗೆ ಮರದ ಹಲಗೆಯ ಹೊದಿಕೆ. ಹಾಯಿಯೂ ಉಂಟು, ಉಗಿಯಂತ್ರವೂ ಉಂಟು. ಹಳೆಯ ಯುಗ ಮುಗಿಯದೆ ಹೊಸ ಯುಗ ಪೂರ್ತಿ ಬಾರದೆ ಇದ್ದ ಕಾಲದ ಶಿಶು. ಆಗ ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಇಂಗ್ಲೆಂಡಿನಿಂದ ಬಂದವರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ರೈಲಿನಲ್ಲಿ ಮರಳುಗಾಡನ್ನು ದಾಟಿ, ಸೂಯೆಜಿನಲ್ಲಿ ಇನ್ನೊಂದು ಹಡಗನ್ನು ಹಿಡಿದು ಮುಂಬಯಿಗೆ ಬರಬೇಕಾಗಿತ್ತು.

೧೮೬೯ರ ಸೆಪ್ಟೆಂಬರ್ ೧೨ರಂದು ‘ಕಾರ್ನಾಟಿಕ್’ ಸೂಯೆಜಿನಿಂದ ಮುಂಬಯಿಗೆ ಹೊರಟಿತು. ೩೪ ಪ್ರಯಾಣಿಕರು, ೧೭೬ ಸಿಬ್ಬಂದಿ. ತಾಮ್ರದ ತಗಡು, ಹತ್ತಿಯ ಮೂಟೆ, ಅಂಚೆ ಚೀಲಗಳು. ಜೊತೆಗೆ ೪೦,೦೦೦ ಪೌಂಡು ಬೆಲೆಯ ನಾಣ್ಯ. ಸೂಯೆಜ್ ಕೊಲ್ಲಿಯ ಬಾಯಲ್ಲಿ, ಶದ್ವಾನ್ ದ್ವೀಪಕ್ಕೆ ಸಮೀಪದಲ್ಲಿ, ಅಬು ನುಹಾಸ್ ಎಂಬ ಹವಳದ ದಿಬ್ಬವಿದೆ. ನೀರಿನ ಮಟ್ಟದವರೆಗೂ ಬೆಳೆದು ನಿಂತ ಈ ದಿಬ್ಬ ಹಗಲಲ್ಲೇ ಕಣ್ಣಿಗೆ ಮೋಸ ಮಾಡುವಂಥದು. ಕಪ್ತಾನ ಜೋನ್ಸ್ ಅನುಭವಸ್ಥ. ಅಂದು ರಾತ್ರಿ ತಾನೇ ಮೇಲೆ ನಿಂತು ಹಡಗನ್ನು ನಡೆಸುತ್ತಿದ್ದ. ಆದರೂ ನಡುರಾತ್ರಿ ಕಳೆದು ಸುಮಾರು ಒಂದು ಗಂಟೆಯ ಹೊತ್ತಿಗೆ ಹಡಗು ದಿಬ್ಬಕ್ಕೆ ಬಡಿದು ಕೂತುಬಿಟ್ಟಿತು.

ಇಲ್ಲಿಯವರೆಗಿನದು ಅವಘಡ. ಮುಂದಿನದು ಮನುಷ್ಯನ ವಿವೇಚನೆಗೆ ಬಂದ ಪರೀಕ್ಷೆ. ಬೆಳಗಾದಾಗ ಕಪ್ತಾನ ಪರೀಕ್ಷಿಸಿ ನೋಡಿದ. ಪಂಪುಗಳು ಕೆಲಸ ಮಾಡುತ್ತಿದ್ದವು. ಕಂಪನಿಯದೇ ಇನ್ನೊಂದು ಹಡಗು ‘ಸುಮಾತ್ರ’ ಆ ದಾರಿಯಲ್ಲಿ ಸೂಯೆಜಿಗೆ ಬರುವುದಿತ್ತು. ಹೀಗಿರುವಾಗ ಹೆಂಗಸರು ಮಕ್ಕಳನ್ನು ಸಣ್ಣ ದೋಣಿಗಳಲ್ಲಿ ಕೂರಿಸಿ ಹವಳದ ಅಲಗುಗಳ ನಡುವೆ ಕಳಿಸುವುದಕ್ಕಿಂತ ಹಡಗಿನಲ್ಲೇ ಇರುವುದು ಕ್ಷೇಮವಲ್ಲವೇ? ಈ ತರ್ಕದಲ್ಲಿ ಮೂರ್ಖತನವಿದೆ ಎಂದು ನಾನು ಹೇಳಲಾರೆ. ದಡದ ಮೇಲೆ ಕುಳಿತವನಿಗೆ ಬುದ್ಧಿ ಹೇಳುವುದು ಸುಲಭ. ಪ್ರಯಾಣಿಕರು ಇಳಿಸಿರೆಂದು ಕೇಳಿದರು, ಕಪ್ತಾನ ಒಪ್ಪಲಿಲ್ಲ. ೧೪ರ ರಾತ್ರಿಯೂ ಎಲ್ಲರೂ ಹಡಗಿನಲ್ಲೇ ಉಳಿದರು.

ಕೊನೆಗೆ ೧೫ರ ಬೆಳಗಿನ ಜಾವ ನೀರು ಏರಿ ಬಾಯ್ಲರಿನ ಬೆಂಕಿ ನಂದಿತು. ಉಗಿಯಿಲ್ಲದೆ ಪಂಪುಗಳೂ ನಿಂತವು. ಹೊತ್ತು ಏರಿದ ಮೇಲೆ ದೋಣಿಗಳನ್ನು ಇಳಿಸಲು ಅಪ್ಪಣೆಯಾಯಿತು. ಹೆಂಗಸರು ದೋಣಿಯಲ್ಲಿ ಆಗತಾನೇ ಕುಳಿತಿದ್ದರು. ಸುಮಾರು ಹನ್ನೊಂದು ಗಂಟೆಗೆ, ಎರಡು ದಿನಗಳಿಂದ ದಿಬ್ಬದ ಮೇಲೆ ನಡು ಊರಿ ಕುಳಿತಿದ್ದ ಹಡಗು ಎರಡಾಗಿ ಮುರಿಯಿತು. ೩೧ ಮಂದಿ ಸತ್ತರು. ಉಳಿದವರು ಶದ್ವಾನ್ ದ್ವೀಪವನ್ನು ಸೇರಿ, ತೇಲಿಬಂದ ಹತ್ತಿಗೆ ಬೆಂಕಿಯಿಟ್ಟು ಸನ್ನೆ ಮಾಡಿದರು. ಕಾದಿದ್ದ ‘ಸುಮಾತ್ರ’ ಬಂದದ್ದು ನಿಜ, ಅವರನ್ನು ಹತ್ತಿಸಿಕೊಂಡದ್ದೂ ನಿಜ. ಕಪ್ತಾನನ ಎಣಿಕೆ ಸುಳ್ಳಾಗಲಿಲ್ಲ, ತಡವಾಯಿತು, ಅಷ್ಟೆ. ಇಂಗ್ಲೆಂಡಿನಲ್ಲಿ ವಿಚಾರಣೆ ನಡೆದು ಆತನ ಅಧಿಕಾರಪತ್ರವನ್ನು ಒಂಬತ್ತು ತಿಂಗಳು ತಡೆಹಿಡಿದರು. ಆತ ಮತ್ತೆ ಸಮುದ್ರದ ಕೆಲಸಕ್ಕೆ ಮರಳಲಿಲ್ಲ.

ನಾಣ್ಯವನ್ನು ಮಾತ್ರ ಸಮುದ್ರಕ್ಕೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಮುಳುಗುಗಾರರನ್ನು ಇಳಿಸಿ, ನವೆಂಬರಿನ ಹೊತ್ತಿಗೆ ಸುಮಾರು ೩೨,೦೦೦ ಪೌಂಡಿನಷ್ಟನ್ನು ಮೇಲೆತ್ತಿದರು. ಅದೇ ನವೆಂಬರ್ ೧೭ರಂದು ಸೂಯೆಜ್ ಕಾಲುವೆ ವೈಭವದಿಂದ ತೆರೆಯಿತು. ‘ಕಾರ್ನಾಟಿಕ್’ ಹಳೆಯ ದಾರಿಯ ಕಡೆಯ ದಿನಗಳಲ್ಲಿ ಮುಳುಗಿತ್ತು. ಆಮೇಲೂ ಹೆಸರಿಗೆ ಆಯುಷ್ಯವಿತ್ತೆಂದು ತೋರುತ್ತದೆ. ಜೂಲ್ಸ್ ವರ್ನ್ ತನ್ನ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ ಕಾದಂಬರಿಯಲ್ಲಿ, ಹಡಗು ಮುಳುಗಿ ಮೂರು ವರ್ಷವಾದ ಮೇಲೆ, ‘ಕಾರ್ನಾಟಿಕ್’ ಎಂಬ ಹಡಗನ್ನು ಹಾಂಗ್‌ಕಾಂಗಿನಿಂದ ಯೊಕೊಹಾಮಾಕ್ಕೆ ಓಡಿಸಿದ್ದಾನೆ!

ನಿಜವಾದ ಹಡಗು ನೂರು ವರ್ಷಕ್ಕೂ ಹೆಚ್ಚು ಕಾಲ ಮರೆತುಹೋಗಿ, ೧೯೮೪ರಲ್ಲಿ ಮತ್ತೆ ಪತ್ತೆಯಾಯಿತು. ದಿಬ್ಬದಿಂದ ಜಾರಿ, ಸುಮಾರು ೨೭ ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಮರವೆಲ್ಲ ಕರಗಿ ಕಬ್ಬಿಣದ ಎಲುಬುಗಳಷ್ಟೇ ಉಳಿದಿವೆ. ಅವುಗಳ ಮೇಲೆ ಹವಳ ಬೆಳೆದಿದೆ, ನಡುವೆ ಗಾಜಿನಂಥ ಮರಿಮೀನುಗಳ ಹಿಂಡು ಹೊಳೆಯುತ್ತದೆ. ಹಡಗನ್ನು ಸೀಳಿದ ಹವಳವೇ ಈಗ ಅದಕ್ಕೆ ಹೊದಿಕೆ. ದೇಶದೇಶಗಳ ಮುಳುಗುಗಾರರು ಈಜಿಪ್ಟಿನ ಹುರ್ಗಾದ, ಶರ್ಮ್ ಎಲ್ ಶೇಖ್‌ಗಳಿಂದ ದೋಣಿಯಲ್ಲಿ ಬಂದು ಆ ಚೆಲುವನ್ನು ನೋಡಿ ಹೋಗುತ್ತಾರೆ.

ನೋಡಲಿ, ತಪ್ಪೇನಿಲ್ಲ. ಆದರೆ ನನ್ನ ಮನಸ್ಸು ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದೆ. ಸತ್ತ ೩೧ ಮಂದಿಯಲ್ಲಿ ಪ್ರಯಾಣಿಕರು ಐವರು. ಮಿಕ್ಕ ೨೬ ಮಂದಿ ಹಡಗಿನಲ್ಲಿ ದುಡಿಯುತ್ತಿದ್ದವರು. ಪಿ. ಅಂಡ್ ಓ. ಕಂಪನಿಯ ಪೂರ್ವದೇಶದ ಹಡಗುಗಳಲ್ಲಿ ಹಗ್ಗ ಎಳೆದವರು, ಒಲೆಗೆ ಕಲ್ಲಿದ್ದಲು ಒಡ್ಡಿದವರು ಬಹುಪಾಲು ನಮ್ಮ ದೇಶದ ಖಲಾಸಿಗಳೇ. ಈ ಕಥೆ ಹೇಳುವವರೆಲ್ಲ ನಾಣ್ಯದ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಾರೆ. ಆ ೨೬ ಮಂದಿ ಬರಿಯ ಸಂಖ್ಯೆಯಾಗಿಯೇ ಉಳಿಯುತ್ತಾರೆ. ಹಡಗಿಗೆ ನಮ್ಮ ಹೆಸರು ಸಿಕ್ಕಿತು. ಅದನ್ನು ನಡೆಸಿದವರಿಗೆ ಯಾವ ಹೆಸರೂ ಉಳಿಯಲಿಲ್ಲ.