ಪದ ಪರಿಚಯ: ಮಾತೃಭಾಷೆ

ಸಂಸ್ಕೃತದ ‘ಮಾತೃ’, ‘ಭಾಷಾ’ ಕೂಡಿ ಆದ ಪದವಿದು, ಅಚ್ಚಗನ್ನಡದಲ್ಲಿ ತಾಯ್ನುಡಿ. ಮಗು ಮನೆಯವರ ಮಾತು ಕೇಳುತ್ತಲೇ ಕಲಿತ ನುಡಿ ಎಂಬುದು ಬಳಕೆಯ ಅರ್ಥ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯವಿರಬೇಕೆನ್ನುವ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಪದದ ಅರ್ಥವೇನೆಂದು ಅದು ಹೇಳಲಿಲ್ಲ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ ಕರ್ನಾಟಕದ 1994ರ ಆದೇಶದ ವ್ಯಾಜ್ಯದಲ್ಲಿ ಆ ಪ್ರಶ್ನೆ ಎದ್ದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ ಅಥವಾ ಪೋಷಕರು ಎಂದಿತು.

ಇಲ್ಲಿ ನನ್ನ ತಕರಾರಿದೆ. ಯಡಿಯೂರಿನಲ್ಲಿ ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ ಆಡುವ ಮಗುವಿಗೆ ಹೆತ್ತವರು ಇಂಗ್ಲಿಷ್ ಮಾಧ್ಯಮ ಆರಿಸಬಹುದು. ಅದರಿಂದ ಇಂಗ್ಲಿಷ್ ಅದರ ತಾಯ್ನುಡಿಯಾಗದು. ಮಾಧ್ಯಮದ ಆಯ್ಕೆ ಹಕ್ಕಿನ ಮಾತು, ತಾಯ್ನುಡಿ ವಾಸ್ತವದ ಮಾತು. ಹೆತ್ತವರಲ್ಲದಿದ್ದರೆ ಸರ್ಕಾರಿ ಅಧಿಕಾರಿ ತೀರ್ಮಾನಿಸಬೇಕೇ ಎಂದು ಕೇಳುವವರಿದ್ದಾರೆ. ಆ ಅಂಜಿಕೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಅದೇ ತೀರ್ಪಿನಲ್ಲಿದೆ: ಮಾಧ್ಯಮದ ಹೇರಿಕೆ 19ನೇ ವಿಧಿಯ ಸ್ವಾತಂತ್ರ್ಯಗಳಿಗೆ ವಿರುದ್ಧವೆಂದೂ ಪೀಠ ಹೇಳಿತ್ತು. ಆದೇಶ ಬೀಳಲು ಅಷ್ಟು ಸಾಕಿತ್ತು, ಪದದ ಅರ್ಥವನ್ನು ಹಿಗ್ಗಿಸಬೇಕಿರಲಿಲ್ಲ. ಸಂವಿಧಾನ ವ್ಯಾಖ್ಯೆ ಕೊಡದ ಪದಕ್ಕೆ ನ್ಯಾಯಮೂರ್ತಿಗಳು ಮೊದಲು ಜನಬಳಕೆಯ ಅರ್ಥವನ್ನೂ ಆ ವಿಧಿಯ ಉದ್ದೇಶವನ್ನೂ ನೋಡಬೇಕು. 350ಎ ವಿಧಿಯ ಉದ್ದೇಶ ಮಗುವಿನ ಕಲಿಕೆ. ವ್ಯಾಖ್ಯೆಯಲ್ಲಿ ಆ ಮಗುವಿಗೇ ಜಾಗ ಸಿಗಲಿಲ್ಲ.