ಎಲುಬೆಂಬ ಹಗೇವು

ಕನಕದಾಸರ ‘ರಾಮಧಾನ್ಯಚರಿತ್ರೆ’ಯನ್ನು ನಾನು ಮೂವತ್ತು ವರ್ಷ ತರಗತಿಗಳಲ್ಲಿ ಪಾಠ ಹೇಳಿದೆ. ವ್ರೀಹಿಗೂ ನರೆದಲೆಗನಿಗೂ, ಅಂದರೆ ಭತ್ತಕ್ಕೂ ರಾಗಿಗೂ ಹತ್ತಿದ ವಾದ. ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸಿದ್ದು. ಭತ್ತ ಕಳೆಗುಂದಿ, ರಾಗಿ ಗಟ್ಟಿಯಾಗಿಯೇ ಹೊರಬಂದು ರಾಘವನ ಹೆಸರನ್ನು ಪಡೆದದ್ದು. ಬಡವರ ಕಾಳಿನ ಪಕ್ಷದಲ್ಲಿ ನಿಂತು ದಾಸರು ಕುಲದ ಮೇಲುಕೀಳನ್ನು ಪ್ರಶ್ನಿಸಿದರೆಂದು ವಿವರಿಸುತ್ತಿದ್ದೆ. ಆ ಮಾತು ತಪ್ಪಲ್ಲ. ಆದರೆ ಆ ಕಾಳಿನೊಳಗೆ ಏನಿದೆಯೆಂದು ಕೇಳುವುದು ನನಗೂ ಹೊಳೆಯಲಿಲ್ಲ, ವಿದ್ಯಾರ್ಥಿಗಳಿಗೂ ಹೊಳೆಯಲಿಲ್ಲ. ನಿವೃತ್ತನಾಗಿ ಅಳ್ನಾವರಕ್ಕೆ ಮರಳಿದ ಮೇಲೆ, ಒಂದು ಮಳೆಗಾಲ ಅವ್ವ ಹಿತ್ತಲಲ್ಲಿ ಕಾಲು ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಜಾರಿದ್ದು ಅಲ್ಪ, ಮುರಿದದ್ದು ಬಹಳ. ಪ್ರಶ್ನೆ ಆಗ ತಾನಾಗಿ ಬಂದಿತು.

ಎಲುಬು ಕಲ್ಲಿನಂಥ ಜಡವಸ್ತುವೆಂಬುದು ನಮ್ಮ ಸಾಮಾನ್ಯ ನಂಬಿಕೆ. ನಿಜದಲ್ಲಿ ಅದು ನವಲಗುಂದದ ಎರೆಸೀಮೆಯ ಹಗೇವಿನಂಥದು. ಪ್ರಾಯದ ದೇಹದಲ್ಲಿ ಸುಮಾರು ಒಂದು ಕಿಲೋದಷ್ಟು ಕ್ಯಾಲ್ಸಿಯಂ, ನಮ್ಮ ಮಾತಿನಲ್ಲಿ ಸುಣ್ಣದ ಅಂಶ, ಇರುತ್ತದೆ. ಅದರ ನೂರಕ್ಕೆ 99 ಪಾಲು ರಂಜಕದೊಡನೆ ಕೂಡಿ ಎಲುಬು ಹಲ್ಲುಗಳಲ್ಲಿ ನೆಲೆಸಿದೆ. ಉಳಿದ ಒಂದು ಪಾಲಿನ ಮೇಲೆ ಹೃದಯದ ಬಡಿತವೂ ಸ್ನಾಯುಗಳ ಚಲನೆಯೂ ನಿಂತಿವೆ. ರಕ್ತದಲ್ಲಿ ಅದು ಇಳಿಯುವಂತಿಲ್ಲ. ಊಟದಲ್ಲಿ ಬಾರದಿದ್ದರೆ ದೇಹ ಹಗೇವಿನ ಬಾಯಿ ತೆರೆಯುತ್ತದೆ. ಮೂವತ್ತರ ಆಸುಪಾಸಿನವರೆಗೆ ತುಂಬಿದ್ದೇ ದೊಡ್ಡ ಸಂಗ್ರಹ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಅದು ಬೇಗ ಬರಿದಾಗತೊಡಗುತ್ತದೆ.

ನರೆದಲೆಗನ ಗಟ್ಟಿತನಕ್ಕೆ ಪ್ರಯೋಗಶಾಲೆಯ ಸಾಕ್ಷಿಯೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 1971ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬರೀ 10. ನಮ್ಮ ಜೋಳದಲ್ಲಿ 25. ವಯಸ್ಕರಿಗೆ ದಿನಕ್ಕೆ 1000, ಮೊಲೆಯೂಡಿಸುವ ತಾಯಿಗೆ 1200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಹೇಳಿದೆ. ರಾಗಿಯಲ್ಲಿದ್ದುದೆಲ್ಲ ಮೈಗೆ ಹತ್ತುವುದಿಲ್ಲ, ನಿಜ. ಕಾಳಿನಲ್ಲಿರುವ ಫೈಟಿಕ್ ಆಮ್ಲ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮೈಮೇಲೆ ಬಿಸಿಲೂ ಬೀಳಬೇಕು.

ಆದರೆ ಕನಕದಾಸರ ಬಾಡ ನಮ್ಮ ಹಳೆಯ ಧಾರವಾಡ ಜಿಲ್ಲೆಯಲ್ಲೇ ಇದ್ದರೂ ಅಳ್ನಾವರದ ಅಡಿಗೆಮನೆಯಲ್ಲಿ ರಾಗಿ ಇರಲಿಲ್ಲ. ಲೋಂಡಾದ ಕಡೆ ಮುಖ ಮಾಡಿದರೆ ಭತ್ತದ ಗದ್ದೆ, ಧಾರವಾಡದ ಕಡೆ ಹೊರಳಿದರೆ ಜೋಳದ ಹೊಲ. ಹಾಗಿದ್ದರೆ ನಮ್ಮ ಹಿರಿಯರಿಗೆ ಸುಣ್ಣ ಎಲ್ಲಿಂದ ಬಂದಿತು? ರೊಟ್ಟಿಯ ಮಗ್ಗುಲಿನ ಗುರೆಳ್ಳು ಹಿಂಡಿಯಿಂದ, ಎಳ್ಳಿನಿಂದ, ಮಜ್ಜಿಗೆಯಿಂದ, ಹೊಲದಂಚಿನ ಸೊಪ್ಪಿನಿಂದ. ಎಲೆಗೆ ಸವರುವ ಸುಣ್ಣದಿಂದಲೂ ಒಂದಿಷ್ಟು. ಬಾಣಂತಿಗೆ ಕಟ್ಟುವ ಅಂಟಿನ ಉಂಡಿಗೆ ಗಸಗಸೆ ಬೀಳುತ್ತಿತ್ತು. ನೂರು ಗ್ರಾಂ ಗಸಗಸೆಯಲ್ಲಿ ಸಾವಿರದ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕೋಷ್ಟಕ ಓದಿ ಯಾರೂ ಉಂಡಿ ಕಟ್ಟಿರಲಿಲ್ಲ.

ಇಷ್ಟು ಹೇಳಿ ಹಿರಿಯರನ್ನು ಕೊಂಡಾಡಿ ಮುಗಿಸುವುದು ಸುಲಭ. ನನಗೆ ಮನಸ್ಸಾಗದು. ನಮ್ಮ ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಕೊನೆಗೆ ಅವ್ವ ಕೂಡುತ್ತಿದ್ದಳು. ಆ ಹೊತ್ತಿಗೆ ಮೊಸರಿನ ಗಡಿಗೆ ಬರಿದಾಗಿ, ಮಜ್ಜಿಗೆಯಲ್ಲಿ ನೀರೇ ಹೆಚ್ಚಾಗಿರುತ್ತಿತ್ತು. ಏಳು ಹೆರಿಗೆಯಾದವಳು ಅವಳು. ಬಾಣಂತನದ ಉಂಡಿ ಒಂದೆರಡು ತಿಂಗಳಿನದು; ಮೊಲೆಹಾಲು ವರ್ಷಗಟ್ಟಲೆಯದು. ಗುರೆಳ್ಳು ನಾಗೊಂದಿಗೆಯ ಮೇಲಿತ್ತು, ಅವಳ ತಟ್ಟೆಯಲ್ಲಿ ಇರಲಿಲ್ಲ.

ಊಟಕ್ಕೂ ಮೈಕಟ್ಟಿಗೂ ಇರುವ ಸಂಬಂಧವನ್ನು ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದ. ದೇಶದ ಬೇರೆ ಬೇರೆ ಜನರ ಊಟವನ್ನು ಬೇರೆ ಬೇರೆ ಇಲಿಗಳಿಗೆ ಕೊಟ್ಟು ನೋಡಿದಾಗ, ಗೋಧಿ, ಹಾಲು, ಬೇಳೆ, ಸೊಪ್ಪುಳ್ಳ ಸಿಖ್ಖರ ಊಟದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಮದರಾಸಿನ ಅಕ್ಕಿಯೂಟದವು ಕೊನೆಗೆ ನಿಂತವು. ಕನ್ನಡಿಗರ ಊಟಕ್ಕೂ ಸಿಕ್ಕದ್ದು ಕೆಳಗಿನ ಸಾಲೇ. ಅಭಿಮಾನಕ್ಕೆ ಕೊಂಚ ಪೆಟ್ಟು! ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಬಂದು ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಖನಿಜ ಹೆಚ್ಚಾದರೂ ಕೇಡೇ. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಮುಂಡರಗಿಯ ಸೀಮೆಯಲ್ಲಿ ಅಂತರ್ಜಲದ ಫ್ಲೋರೈಡ್ ಹಲ್ಲುಗಳಿಗೆ ಕಲೆ ಹಚ್ಚಿದೆ. ಅಂಥ ನೀರನ್ನೇ ವರ್ಷಗಟ್ಟಲೆ ಕುಡಿದರೆ ಕೀಲುಗಳೂ ಬಿಗಿಯುತ್ತವೆ. ಇನ್ನು, 2013ರ ಅನ್ನಭಾಗ್ಯದ ಅಕ್ಕಿ ಹಸಿವನ್ನು ತಡೆದದ್ದನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಬರೀ ಅನ್ನದಿಂದ ಹಗೇವು ತುಂಬುವುದಿಲ್ಲ.

ಅವ್ವ ಈಗ ಕೋಲೂರಿ ನಡೆಯುತ್ತಾಳೆ. ಕನಕದಾಸರ ಸಾಕ್ಷಿ ಹೇಳಿ ರಾಗಿಯ ಅಂಬಲಿ ಕೊಟ್ಟೆ. “ಇದು ನಮ್ಮ ಕಡೆ ಉಣ್ಣೂದಲ್ಲೋ ತಮ್ಮಾ” ಎಂದು ಬಟ್ಟಲನ್ನು ಸರಿಸಿದಳು. ಮರುದಿನ ರೊಟ್ಟಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು ಬಡಿಸಿ, ಎಲ್ಲರಿಗಿಂತ ಮೊದಲು ಅವಳನ್ನೇ ಕೂಡಿಸಿದೆವು. ಅವಳು ತಟ್ಟೆಯನ್ನು ಒಂದು ಗಳಿಗೆ ನೋಡಿ, ಅರ್ಧ ಮೊಸರನ್ನು ಪಕ್ಕದಲ್ಲಿ ಕುಳಿತ ಮರಿಮಗಳ ತಟ್ಟೆಗೆ ಸುರಿದಳು.